ಕಣ್ಣಿನ ಹತ್ತಿರ ನಿಲ್ಲುತ್ತಿದ್ದ ಕೈ

ನಮ್ಮ ಮನೆಯ ಗೋಡೆಯ ಮೇಲೆ ಜಾಗ ಸಿಗಬೇಕಾದರೆ ಸಾಯಬೇಕಿತ್ತು. ದೇವರ ಪಟಗಳನ್ನು ಬಿಟ್ಟರೆ ಅಲ್ಲಿದ್ದವರು ಅಜ್ಜ, ಅಜ್ಜನ ತಮ್ಮ, ಹೆರಿಗೆಯಲ್ಲಿ ತೀರಿಹೋದ ನನ್ನ ಚಿಕ್ಕಮ್ಮ. ಎಲ್ಲರಿಗೂ ಗಂಧದ ಚಕ್ಕೆಯ ಹಾರ, ಗಾಜಿನ ಮೇಲೆ ಹಣೆ ಬರುವ ಕಡೆ ಒಂದು ಬೊಟ್ಟು. ಬದುಕಿದ್ದವರು ಫೋಟೋ ತೆಗೆಸಿಕೊಂಡರೆ ಅದು ಟ್ರಂಕಿನ ತಳದಲ್ಲಿ ಸೀರೆಗಳ ಅಡಿಯಲ್ಲಿ ಬೋರಲು ಬಿದ್ದಿರಬೇಕು. ಉಸಿರಾಡುವವನ ಮುಖವನ್ನು ಹೊರಗೆ ಇಟ್ಟರೆ ಯಮನಿಗೆ ಬಾಗಿಲು ತೋರಿಸಿದ ಹಾಗೆ ಎಂದು ಅಜ್ಜಿ ಹೇಳುತ್ತಿದ್ದರು. ಊರು ಬಿಟ್ಟು ಬೊಂಬಾಯಿಗೆ ಬರುವಾಗ ಹಂಡೆ, ಒರಳು, ಕತ್ತಿಮಣೆಗಳ ಜೊತೆ ನಮ್ಮವರು ಈ ಹೆದರಿಕೆಯನ್ನೂ ಸ್ಟೀಮರಿಗೆ ಹತ್ತಿಸಿದ್ದರು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಆ ಪದವಿಯನ್ನು ಯಾರೂ ನನಗೆ ಪ್ರೀತಿಯಿಂದ ಕೊಡಲಿಲ್ಲ. ಅದಕ್ಕೆ ಈ ಮನೆಯ ಬಗ್ಗೆ ಬರೆಯುವಾಗ ಪ್ರೀತಿಯ ಮಾತುಗಳನ್ನು ಹುಡುಕುವ ಕಷ್ಟಕ್ಕೆ ನಾನು ಹೋಗುವುದಿಲ್ಲ.

ಸಾಂತಾಕ್ರೂಜಿನಲ್ಲಿ ರೈಲುಹಳಿಯ ಪೂರ್ವಕ್ಕೆ ಒಂದು ಚಾಳಿನ ಮಾಳಿಗೆಯಲ್ಲಿ ನಮ್ಮ ಖೋಲಿ. ಮುಂದೆ ಒಂದು ಕೋಣೆ, ಹಿಂದೆ ಅಡಿಗೆಯ ಜಾಗ, ಅದರ ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಮೋರಿ. ಸ್ನಾನ, ಪಾತ್ರೆ, ಬಟ್ಟೆ, ಮೀನು ಎಲ್ಲ ಅಲ್ಲೇ ತೊಳೆಯಬೇಕು. ಮನೆಯಲ್ಲಿ ಅಜ್ಜಿ, ಅಮ್ಮ, ನಾನು, ಮತ್ತು ಅಮ್ಮನ ಅಣ್ಣ, ಅಂದರೆ ನನ್ನ ಮಾವ. ಅಪ್ಪ ಊರಲ್ಲಿ ತನ್ನ ತಾಯಿಯ ಮನೆಯಲ್ಲಿದ್ದ. ವರ್ಷಕ್ಕೊಮ್ಮೆ ಬಂದು ನೆಂಟನ ಹಾಗೆ ಗೋಡೆಗೊರಗಿ ಕೂತು ಹೋಗುತ್ತಿದ್ದ. ನಮ್ಮ ಜನರಲ್ಲಿ ಮನೆ ಹೆಣ್ಣಿನ ಕಡೆಯಿಂದ ಬರುತ್ತದೆ ಎಂದು ಓದಿದವರು ಬಹಳ ಮೆಚ್ಚಿ ಬರೆಯುತ್ತಾರೆ. ಬರೆಯಲಿ. ಮನೆ ಹೆಣ್ಣಿನದು ನಿಜ, ಯಜಮಾನಿಕೆ ಮಾತ್ರ ಅವಳ ಅಣ್ಣನದು. ನಮ್ಮ ಖೋಲಿಯಲ್ಲಿ ಯಾವ ಕಿಟಕಿ ಯಾವಾಗ ತೆರೆಯಬೇಕು ಎಂಬುದೂ ಮಾವನ ಮಾತಿನ ಮೇಲೆ ಇತ್ತು. ಎದುರಿಗೆ ಅವನನ್ನು ನಾವು ಯಾವತ್ತೂ ಬಹುವಚನದಲ್ಲೇ ಕರೆದೆವು. ಬರೆಯುವಾಗ ನನಗೆ ಏಕವಚನ ಸಾಕು.

ಮಾವ ಸ್ಟೇಶನ್ನಿನ ಹತ್ತಿರದ ಒಂದು ಶಾಕಾಹಾರಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ. ಬಂದವರಿಗೆಲ್ಲ ನಗು, ಹೋಗುವವರಿಗೆಲ್ಲ ನಗು. ಅಲ್ಲಿ ಅಷ್ಟು ನಕ್ಕು ಮನೆಗೆ ತರಲು ಏನೂ ಉಳಿಯುತ್ತಿರಲಿಲ್ಲವೋ ಏನೋ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಮನೆಗೆ ಬಂದು ಕುಚ್ಚಲಕ್ಕಿ ಅನ್ನ, ಬಂಗುಡೆಯ ಸಾರು ಉಂಡು, ಹೋಟೆಲಿನಲ್ಲಿ ಮೀನಿನ ವಾಸನೆ ಬರಬಾರದೆಂದು ಮೋರಿಯಲ್ಲಿ ಕೂತು ಕೈಯನ್ನು ಸಾಬೂನಿನಿಂದ ಉಜ್ಜಿ ಉಜ್ಜಿ ತೊಳೆದು, ಬಡೆಸೋಪು ಜಗಿಯುತ್ತ ಚಾಪೆಯ ಮೇಲೆ ಬೀಳುತ್ತಿದ್ದ. ಅವನ ನಿದ್ದೆ ಮುಗಿಯುವವರೆಗೆ ಅಮ್ಮ ಸ್ಟವ್ವಿಗೆ ಗಾಳಿ ಹಾಕುತ್ತಿರಲಿಲ್ಲ. ಅಜ್ಜಿಗೂ ಅಮ್ಮನಿಗೂ ಜಗಳ ಬಿದ್ದಿದ್ದರೆ ಅದೂ ಪಿಸುಮಾತಿನಲ್ಲೇ ಮುಂದುವರಿಯಬೇಕು. ಉಪ್ಪು ಹೆಚ್ಚಾಯಿತು, ನೀನು ನಿನ್ನ ತಮ್ಮನಿಗೆ ಕೊಟ್ಟೆ, ನಿನ್ನ ಹೊಟ್ಟೆಯಲ್ಲಿ ಹುಟ್ಟಿದ್ದೇ ನನ್ನ ಕರ್ಮ ಎಂಬ ಮಾತುಗಳು ಹಾವಿನ ಹಾಗೆ ಬುಸುಗುಟ್ಟುತ್ತ ಅಡಿಗೆಮನೆಯಲ್ಲಿ ಹರಿದಾಡುತ್ತಿದ್ದವು. ಜೋರಾಗಿ ಬಯ್ಯುವವರ ಮನೆಯಲ್ಲಿ ಬೆಳೆದವರನ್ನು ನೋಡಿದರೆ ನನಗೆ ಈಗಲೂ ಹೊಟ್ಟೆಕಿಚ್ಚು.

ಅಂಥ ಒಂದು ಮಧ್ಯಾಹ್ನ, ನನಗಾಗ ಒಂಬತ್ತೋ ಹತ್ತೋ, ಮಾಡಲು ಬೇರೆ ಕೆಲಸವಿಲ್ಲದೆ ನಾನು ಮಾವನ ಚಿತ್ರ ಬರೆದೆ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿ, ಕೈಯಲ್ಲಿ ಸಿಗಡಿ ಒಲೆಯಿಂದ ತೆಗೆದ ಇದ್ದಿಲಿನ ಚೂರು. ಅವನು ನೊಣಗಳ ಕಾಟಕ್ಕೆ ಎದೆಯವರೆಗೆ ಬಿಳಿಯ ಹೊದಿಕೆ ಎಳೆದು, ಅದರ ಮೇಲೆ ಎರಡೂ ಕೈ ಇಟ್ಟು ಮಲಗಿದ್ದ. ನಾನು ಅವನ ಕಾಲ ಬದಿಗೆ ಕೂತಿದ್ದೆ. ಅಲ್ಲಿಂದ ಕಂಡದ್ದನ್ನು ಕಂಡ ಹಾಗೆ ಬರೆದೆ. ದಪ್ಪ ಹುಬ್ಬು, ಮೂಗಿನ ಪಕ್ಕದ ನರುಲಿ, ಸ್ವಲ್ಪ ತೆರೆದ ಬಾಯಿ. ಅವನ ತಲೆಯ ಹಿಂದಿನ ಗೋಡೆಯಲ್ಲಿ ಎತ್ತರಕ್ಕೆ ಒಂದು ಹಲಗೆ ಇತ್ತು. ಅದರ ಮೇಲೆ ದೇವರು, ದೇವರ ಮುಂದೆ ಕಾಲುದೀಪ. ಹಲಗೆ ಬರೀ ಒಂದು ಗೆರೆ, ಚಂದವಿಲ್ಲ ಎಂದು ಅದನ್ನು ಬಿಟ್ಟೆ. ದೀಪ ಚಂದವಿತ್ತು, ಬರೆದೆ. ದೂರದ್ದನ್ನು ದೂರ ಮಾಡಿ, ಮೇಲಿನದ್ದನ್ನು ಮೇಲೆ ಮಾಡಿ ತೋರಿಸುವ ವಿದ್ಯೆ ನನಗೆ ಗೊತ್ತಿರಲಿಲ್ಲ. ಕಾಗದದಲ್ಲಿ ದೀಪ ಬಂದು ಸೀದಾ ಮಾವನ ತಲೆಯ ಪಕ್ಕ ನೆಲದ ಮೇಲೆ ನಿಂತಿತು. ಬಹಳ ಚೆನ್ನಾಗಿ ಬಂದಿದೆ ಎಂದು ಅದನ್ನು ಅಜ್ಜಿಗೆ ತೋರಿಸಿದೆ.

ನಮ್ಮ ಮನೆಯ ಮಾತು ತುಳು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅಜ್ಜಿ ಕಿರುಚಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ಮೆಲ್ಲಗೆ ಕೇಳಿದರು:

"ತಲೆಯ ಹತ್ತಿರ ದೀಪ ಇಡುದು ಯಾರಿಗೆ? ಗೊತ್ತುಂಟಾ ನಿನಗೆ?"

ನನಗೆ ಗೊತ್ತಿತ್ತು. ಚಾಳಿನಲ್ಲಿ ಹೆಣ ಮಲಗಿಸಿದ್ದನ್ನು ನಾನೂ ನೋಡಿದ್ದೆ. ಮುಚ್ಚಿದ ಕಣ್ಣು, ಎದೆಯ ಮೇಲೆ ಕೈ, ಬಿಳಿಯ ಹೊದಿಕೆ, ತಲೆಯ ಬಳಿ ದೀಪ. ನಾನು ಬರೆದ ಕಾಗದದಲ್ಲಿ ಮನೆಯ ಯಜಮಾನ ತೀರಿಕೊಂಡು ಮಲಗಿದ್ದ. ಅದಾದ ಮೇಲೆ ಅಮ್ಮ ಮತ್ತು ಅಜ್ಜಿ ಅಡಿಗೆಮನೆಯಲ್ಲಿ ಆ ಕಾಗದವನ್ನು ಏನು ಮಾಡುವುದು ಎಂದು ಗುಸುಗುಸು ಚರ್ಚೆ ಮಾಡಿದರು. ಸುಡಬಾರದು, ಸುಟ್ಟರೆ ಅವನನ್ನು ಸುಟ್ಟ ಹಾಗೆ. ಹೂಳಬಾರದು. ಸಮುದ್ರಕ್ಕೆ ಬಿಡಬಾರದು, ಬೂದಿ ಬಿಡುವುದು ಅಲ್ಲೇ. ಹರಿದು ಹಾಕುವುದಂತೂ ಆಗುವುದೇ ಇಲ್ಲ. ಕೊನೆಗೆ ಅಜ್ಜಿಯೇ ದಾರಿ ಕಂಡುಹಿಡಿದರು. ಮುಚ್ಚಿದವಳೇ ತೆರೆಸಬೇಕು. ಮಾವನನ್ನು ಎಬ್ಬಿಸಿ ಗೋಡೆಗೊರಗಿಸಿ ಕೂರಿಸಿದರು. ವಿಷಯ ಹೇಳಿದರು. ಅವನು ನನ್ನನ್ನೇ ನೋಡತೊಡಗಿದ. ಅಜ್ಜಿ ನನ್ನ ಕೈಗೆ ಇದ್ದಿಲು ಕೊಟ್ಟು, ಮಾವನಿಗೆ ಕಣ್ಣು ಬರೆ ಎಂದರು.

ಮುಚ್ಚಿದ ಕಣ್ಣಿನ ಗೆರೆ ಅಲ್ಲಿ ಮೊದಲೇ ಇತ್ತು. ಅದರ ಮೇಲೆ ತೆರೆದ ಕಣ್ಣು ಬರೆಯಬೇಕು. ಒಂದು ಕಣ್ಣು ದೊಡ್ಡದಾಯಿತು. ಸರಿಮಾಡಲು ಹೋಗಿ ಇನ್ನೊಂದು ಅದಕ್ಕಿಂತ ದೊಡ್ಡದಾಯಿತು. ಸತ್ತು ಮಲಗಿದವನು ಈಗ ಎರಡೂ ಕಣ್ಣು ಬಿಟ್ಟು ಮನೆಯ ಮಾಡನ್ನು ನೋಡುತ್ತಿದ್ದ. ಭೂತದ ಮೊಗದ ಹಾಗುಂಟು ಎಂದು ಅಜ್ಜಿ ಎದೆ ಹಿಡಿದುಕೊಂಡರು. ಮಾವ ಎದ್ದು ಬಂದು ನನ್ನ ಕೆನ್ನೆಗೆ ಹೊಡೆದ. ಹೊಡೆದು, ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಹೋಟೆಲಿಗೆ ನಗಲು ಹೋದ. ಅಮ್ಮ ಕಾಗದವನ್ನು ಮೋರಿಗೆ ತೆಗೆದುಕೊಂಡು ಹೋಗಿ ಒದ್ದೆ ಬಟ್ಟೆಯಿಂದ ಮೊದಲು ದೀಪ, ಆಮೇಲೆ ಕಣ್ಣು, ಆಮೇಲೆ ಮಾವನನ್ನು ಪೂರಾ ಒರೆಸಿದಳು. ಒಣಗಿದ ಮೇಲೆ ಆ ಹಾಳೆಯನ್ನು ಉಪ್ಪಿನಕಾಯಿಯ ಭರಣಿಯ ಬಾಯಿಗೆ ಕಟ್ಟಿದರು. ಕಾಗದ ದಂಡ ಮಾಡುವ ಮನೆ ನಮ್ಮದಲ್ಲ.

ಇದು ಇಲ್ಲಿಗೆ ಮುಗಿದಿದ್ದರೆ ಒಂದು ಹೊಡೆತದ ಕತೆಯಾಗಿ ಉಳಿಯುತ್ತಿತ್ತು. ಆದರೆ ಸ್ವಲ್ಪ ದಿನಕ್ಕೆ ಮಾವನಿಗೆ ಕಾಮಾಲೆ ಬಂತು. ಕಣ್ಣು ಅರಶಿನದ ಹಾಗೆ ಹಳದಿಯಾಯಿತು. ಬೇರೆ ಯಾವ ರೋಗವಾದರೂ ನಾನು ಬಚಾವಾಗುತ್ತಿದ್ದೆ, ಬಂದದ್ದು ಕಣ್ಣಿಗೇ. ನಾನು ಕೆಡಿಸಿದ ಕಣ್ಣು ಅವನಿಗೆ ಹತ್ತಿತು ಎಂದು ಅಜ್ಜಿ ನಲ್ಲಿಯ ಸಾಲಿನಲ್ಲಿ ನಿಂತ ಹೆಂಗಸರಿಗೆಲ್ಲ ಹೇಳಿದರು. ಆ ಮಳೆಗಾಲ ನಮ್ಮ ಚಾಳಿನಲ್ಲೇ ಇನ್ನೂ ಹಲವರಿಗೆ ಕಾಮಾಲೆ ಇತ್ತು, ಅವರ ಚಿತ್ರವನ್ನು ಯಾರೂ ಬರೆದಿರಲಿಲ್ಲ. ಇದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅಮ್ಮ ಹಳಿಯ ಬದಿಯಲ್ಲಿ ಬೆಳೆದ ನೆಲನೆಲ್ಲಿ ಕಿತ್ತು ತಂದು ಅರೆದು ಮಜ್ಜಿಗೆಯಲ್ಲಿ ಕುಡಿಸುತ್ತಿದ್ದಳು. ಮಾವ ಮಲಗಿದಷ್ಟು ದಿನ ನಾನು ಅವನ ಕಣ್ಣಿಗೆ ಬೀಳಬಾರದೆಂದು ನನ್ನ ತಟ್ಟೆಯನ್ನು ಹೊರಗೆ ಗ್ಯಾಲರಿಯಲ್ಲಿ ಇಡುತ್ತಿದ್ದರು. ಹೋಗಿಬರುವ ನೆರೆಯವರ ಕಾಲುಗಳ ನಡುವೆ ಕೂತು ಗಂಜಿ ಉಂಡೆ. ಅವನು ಸತ್ತರೆ ನಾನೇ ಕೊಂದ ಹಾಗೆ ಎಂದು ನಂಬಿದ್ದೆ. ಅವನು ಸಾಯಲಿ ಎಂದು ಕೆಲವೊಮ್ಮೆ ಅನಿಸಿತ್ತು ಕೂಡ. ಹಾಗಾಗಿ ಹೆದರಿಕೆ ಎರಡು ಪಾಲು.

ಮಾವ ಬದುಕಿದ. ನನ್ನ ಕೈ ಮಾತ್ರ ಸರಿಯಾಗಲಿಲ್ಲ. ಚೆಂಬು, ದಾಸವಾಳ, ಕೊಡೆ, ಬೆಕ್ಕು ಯಾವುದನ್ನಾದರೂ ಬರೆಯುತ್ತಿದ್ದೆ. ಮನುಷ್ಯರನ್ನೂ ಬರೆಯುತ್ತಿದ್ದೆ, ಕಿವಿ, ಕೂದಲು, ಗಲ್ಲದವರೆಗೆ. ಕಣ್ಣಿನ ಜಾಗಕ್ಕೆ ಬಂದರೆ ಮೊಣಕೈ ಮರದ ಹಾಗೆ ಬಿಗಿಯುತ್ತಿತ್ತು, ಮಾವ ಹೊಡೆದ ಕೆನ್ನೆ ಬಿಸಿಯಾಗುತ್ತಿತ್ತು. ಉಪಾಯ ಕಲಿತೆ. ನನ್ನ ಚಿತ್ರಗಳಲ್ಲಿ ಎಲ್ಲರೂ ಆಚೆ ತಿರುಗಿ ನಿಂತಿರುತ್ತಿದ್ದರು, ಇಲ್ಲವೆ ತಲೆಯ ಮೇಲೆ ಹೊರೆ ಹೊತ್ತು ಮುಖ ಮುಚ್ಚಿಕೊಂಡಿರುತ್ತಿದ್ದರು, ಇಲ್ಲವೆ ಕೊಡೆಯ ಅಡಿಯಲ್ಲಿರುತ್ತಿದ್ದರು. ನಾನು ಬರೆದ ಊರಿನಲ್ಲಿ ಬಹಳ ಮಳೆ.

ಏಳನೆಯ ಕ್ಲಾಸು ಮುಗಿದಾಗ ಹುಡುಗಿಗೆ ಇಷ್ಟು ಸಾಕು ಎಂದ ಮಾವ. ಅಮ್ಮ ಎದುರು ಮಾತಾಡಲಿಲ್ಲ. ಅವನಿಗೆ ಬಡಿಸುವುದನ್ನು ಬಿಟ್ಟಳು. ಅನ್ನದ ಪಾತ್ರೆ, ಸಾರಿನ ಪಾತ್ರೆ, ತಟ್ಟೆ ತಂದು ಅವನ ಮುಂದೆ ಇಟ್ಟು ಒಳಗೆ ಹೋಗುತ್ತಿದ್ದಳು. ಹೋಟೆಲಿನಲ್ಲಿ ದಿನವಿಡೀ ಮಂದಿಗೆ ಬಡಿಸುವುದನ್ನು ನೋಡಿ ಬಂದ ಗಂಡಸು ಮನೆಯಲ್ಲಿ ತಾನೇ ಸೌಟು ಹಿಡಿದು ಬಡಿಸಿಕೊಳ್ಳುವುದು ಎಂದರೆ ಕಡಿಮೆ ಅವಮಾನವಲ್ಲ. ಅಮ್ಮ ತನ್ನ ಜನ್ಮದಲ್ಲಿ ಮಾಡಿದ ಒಂದೇ ಹೋರಾಟ ಅದು, ಅದರಲ್ಲಿ ಗೆದ್ದಳು. ಮಾವ ಒಪ್ಪಿದ, ಆದರೆ ಒಂದು ಮಾತು ಹೇಳಿ ಒಪ್ಪಿದ.

"ಕಲೀಲಿ. ಆದ್ರೆ ಯಾವ ಪರೀಕ್ಷೆಯಲ್ಲಾದ್ರೂ ಫೇಲಾದ್ರೆ ಮರುದಿನ ಊರಿನ ಸ್ಟೀಮರಿಗೆ ಹತ್ತಿಸುದು. ಅಲ್ಲಿ ಗಂಡು ರೆಡಿ ಉಂಟು."

ಹೈಸ್ಕೂಲು ಬಾಂದ್ರಾದಲ್ಲಿ. ಡ್ರಾಯಿಂಗಿನ ಮಾಸ್ತರು ಧಾರವಾಡದ ಕಡೆಯವರು, ದೇಸಾಯಿ ಮಾಸ್ತರು. ಉಳಿದ ಮಕ್ಕಳನ್ನು ಮರಾಠಿಯಲ್ಲಿ ಬಯ್ಯುತ್ತಿದ್ದರು, ಕನ್ನಡದಲ್ಲಿ ಬಯ್ಯಿಸಿಕೊಳ್ಳುವ ಮರ್ಯಾದೆ ನನಗೆ ಮಾತ್ರ ಇತ್ತು. ನನ್ನ ಚೆಂಬು ಹೂಜಿಗಳನ್ನು ನೋಡಿ ಅವರು ನನ್ನನ್ನು ಕೇಳದೆಯೇ ಸರ್ಕಾರದ ಡ್ರಾಯಿಂಗ್ ಪರೀಕ್ಷೆಗೆ ನನ್ನ ಹೆಸರು ಕಳಿಸಿದರು. ಅದರಲ್ಲಿ ನೆನಪಿನಿಂದ ಒಂದು ದೃಶ್ಯ ಬರೆಯುವ ಪತ್ರಿಕೆ ಇತ್ತು. ಮಾರುಕಟ್ಟೆ, ಹಬ್ಬ, ಬಸ್ಸಿನ ಸಾಲು, ಏನು ಕೇಳಿದರೂ ಮನುಷ್ಯರು ಬರಲೇಬೇಕು, ಮುಖ ಇರಲೇಬೇಕು. ಮಾವನ ಲೆಕ್ಕದಲ್ಲಿ ಪರೀಕ್ಷೆ ಎಂದರೆ ಪರೀಕ್ಷೆ. ಕಣ್ಣು ಬರೆಯಲಾಗದೆ ಫೇಲಾದರೆ ಸ್ಟೀಮರು. ಅಭ್ಯಾಸಕ್ಕೆಂದು ಮಾರುಕಟ್ಟೆಯ ಚಿತ್ರ ಬರೆದುಕೊಂಡು ಹೋದೆ. ಮಾಸ್ತರು ಹಾಳೆಯನ್ನು ಅತ್ತ ಇತ್ತ ತಿರುಗಿಸಿ ನೋಡಿದರು.

"ನಿಮ್ಮ ಊರಾಗ ಮಂದಿಗೆ ಮಾರಿ ಇಲ್ಲೇನವಾ? ಮಾರೂ ಮುದುಕಿನೂ ಬೆನ್ನ ತೋರಿಸಿ ಕುಂತಾಳಲ್ಲ. ಬದನಿಕಾಯಿ ಯಾರಿಗೆ ಮಾರ್ತಾಳ, ಗ್ವಾಡಿಗೆ?"

ನಾನು ಕಾರಣ ಹೇಳಿದೆ. ಯಾರಿಗೂ ಹೇಳದ್ದನ್ನು ಯಾಕೆ ಅವರಿಗೆ ಹೇಳಿದೆನೋ, ಬಹುಶಃ ಅವರು ಸಮಾಧಾನ ಮಾಡುವ ಜಾತಿಯವರಲ್ಲ ಎಂಬ ಧೈರ್ಯಕ್ಕೆ. ಅವರು ನಗಲೂ ಇಲ್ಲ, ಮೂಢನಂಬಿಕೆ ಎಂದು ಭಾಷಣ ಮಾಡಲೂ ಇಲ್ಲ.

"ಹಂಗಾರ ಮನಿ ಮಂದಿನ್ನ ಬಿಡು. ಹೆಸರ ಗೊತ್ತಿಲ್ಲದವರ ಮಾರಿ ತಗಿ. ಸ್ಟೇಶನ್ನಾಗ ಕುಂದ್ರು, ಹೋಗಾವ್ರನ್ನ ಬರಾವ್ರನ್ನ ತಗಿ. ಅವರು ನಾಳೆ ಸತ್ತರೂ ನಿನಗೇನ ಸುದ್ದಿ ಬರೂದಿಲ್ಲ."

ಇಷ್ಟು ಕ್ರೂರವಾದ, ಇಷ್ಟು ಉಪಯೋಗದ ಮಾತನ್ನು ನನಗೆ ಆಮೇಲೆ ಯಾವ ಕಾಲೇಜಿನ ಪ್ರೊಫೆಸರೂ ಹೇಳಲಿಲ್ಲ. ಶಾಲೆಯಲ್ಲಿ ಒಂದು ಕಡೆ ಮಾತ್ರ ಬರೆದು ಬಿಟ್ಟ ಹಾಳೆಗಳನ್ನು ಮಾಸ್ತರು ಕೊಟ್ಟರು. ಅವನ್ನು ಪರೀಕ್ಷೆಯ ರಟ್ಟಿಗೆ ಸಿಕ್ಕಿಸಿಕೊಂಡು, ಶಾಲೆ ಬಿಟ್ಟ ಮೇಲೆ ಸಾಂತಾಕ್ರೂಜಿನ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂರತೊಡಗಿದೆ. ನಾವು ಬೆಳಗಿನ ಪಾಳಿಯ ಶಾಲೆಯವರು, ಮಧ್ಯಾಹ್ನಕ್ಕೇ ಬಿಡುವು.

ಗುರುತಿಲ್ಲದವರನ್ನು ನೋಡಿ ಬರೆಯುವುದು ಎಂದರೆ ಈಗಿನವರಿಗೆ ಹವ್ಯಾಸ. ಆಗ ಲಂಗ ರವಕೆಯ ಹುಡುಗಿಯೊಬ್ಬಳು ಸ್ಟೇಶನ್ನಿನಲ್ಲಿ ಕೂತು ಮಂದಿಯ ಮುಖ ದಿಟ್ಟಿಸುವುದು ಎಂದರೆ ಹೊಡೆತ ಕೇಳಿಕೊಂಡ ಹಾಗೆ. ಬೊಂಬಾಯಿ ಯಾರದು ಎಂಬ ಗಲಾಟೆ ಬೀದಿಯಲ್ಲಿ ನಡೆಯುತ್ತಿದ್ದ ವರ್ಷಗಳು. ಯಾವ ಊರಿನವಳು ಎಂದು ಕೇಳುವರು, ಕೇಳಿ ಮುಖ ತಿರುಗಿಸುವರು. ಬುಟ್ಟಿಯ ಮೀನಿನವಳು ನಾನು ಏನು ನೋಡುತ್ತೇನೆಂದು ಕೇಳಿ, ಉತ್ತರಕ್ಕೆ ಕಾಯದೆ ಮೀನಿನ ನೀರನ್ನು ನನ್ನ ಕಾಲ ಮೇಲೆ ಚೆಲ್ಲಿ ಹೋದಳು. ಫ್ರಾಕು ಹಾಕಿದ ಮುದುಕಿಯೊಬ್ಬಳು ಕೊಡೆಯ ತುದಿಯಿಂದ ನನ್ನ ರಟ್ಟನ್ನು ತಿವಿದು ಇಂಗ್ಲಿಷಿನಲ್ಲಿ ಬಯ್ದಳು. ಬಯ್ಯುವವರೇ ವಾಸಿ. ಮೀಸೆ ತಿರುವಿ, ಕಾಲರು ಸರಿಮಾಡಿಕೊಂಡು, ಬರೆ ಬರೆ ಎಂದು ಎದುರು ಬಂದು ನಿಲ್ಲುತ್ತಿದ್ದ ಗಂಡಸರಿಂದ ತಪ್ಪಿಸಿಕೊಳ್ಳಲು ನಾನು ಎಷ್ಟೋ ಸಲ ಹೆಂಗಸರ ವೇಟಿಂಗ್ ರೂಮಿಗೆ ಓಡಿದ್ದೇನೆ. ಅಷ್ಟಾದರೂ ಮರುದಿನ ಹೋಗುತ್ತಿದ್ದೆ. ಮೂಗು ಬಂತು. ಬಾಯಿ ಬಂತು. ಸಿಟ್ಟಿನ ಬಾಯಿ, ಹಸಿದ ಬಾಯಿ, ಎಲೆ ಹಾಕಿದ ಬಾಯಿ ಬೇರೆ ಬೇರೆಯಾಗಿ ಬಂದವು. ಕಣ್ಣು ಬರಲಿಲ್ಲ. ದಿನವೂ ಒಂದು ಹಾಳೆಯ ತುಂಬ ಕುರುಡರನ್ನು ಹೊತ್ತುಕೊಂಡು ಮನೆಗೆ ಹೋಗುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಶಾಲೆಗೆ ಹೋಗುವಾಗ ಲೋಕಲ್ಲಿನ ಲೇಡೀಸ್ ಡಬ್ಬದಲ್ಲಿ ಕಿಟಕಿಯ ಪಕ್ಕ ಕೂತಿದ್ದ ಹೆಂಗಸನ್ನು ಬರೆಯತೊಡಗಿದೆ. ಸಣಕಲು ಮುಖ, ಕಡ್ಡಿಯಂಥ ಕೈ, ಹೊಟ್ಟೆ ಮಾತ್ರ ಕೊಪ್ಪರಿಗೆಯ ಹಾಗೆ. ತುಂಬಿದ ಬಸುರಿ ಎಂದುಕೊಂಡೆ. ಬೊಂಬಾಯಿಯಲ್ಲಿ ಪಾನನಿಷೇಧವಿದ್ದ ಕಾಲ ಅದು. ರಬ್ಬರಿನ ಟ್ಯೂಬಿನಲ್ಲಿ ಕಳ್ಳಭಟ್ಟಿ ತುಂಬಿ ಸೀರೆಯೊಳಗೆ ಸೊಂಟಕ್ಕೆ ಸುತ್ತಿಕೊಂಡು ಹೆಂಗಸರು ರೈಲಿನಲ್ಲಿ ಸಾಗಿಸುತ್ತಾರೆ ಎಂದು ಊರಿಗೆಲ್ಲ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಹೊಟ್ಟೆಯನ್ನು ಕಂಡ ಹಾಗೆ, ಅದರ ಉಬ್ಬುತಗ್ಗುಗಳ ಸಮೇತ ಬರೆದೆ. ಖಾರ್ ಬರುವಷ್ಟರಲ್ಲಿ ಅವಳು ನನ್ನ ಎಡಗೈ ಮಣಿಕಟ್ಟು ಹಿಡಿದಿದ್ದಳು.

"ಕ್ಯಾ ಲಿಖ್ತೀ ಹೈ? ಪೋಲೀಸ್ ಕೋ ದೇಗೀ?"

ಪೋಲೀಸರಿಗೆ ಕೊಡಲು ಬರೆಯುವುದಲ್ಲ, ಚಿತ್ರ ಎಂದು ನನ್ನ ಅರ್ಧಂಬರ್ಧ ಹಿಂದಿಯಲ್ಲಿ ಹೇಳಿದೆ. ಡಬ್ಬದ ಹೆಂಗಸರೆಲ್ಲ ಮುಖ ಆಚೆ ತಿರುಗಿಸಿಕೊಂಡರು. ಅವಳು ರಟ್ಟಿನಿಂದ ಹಾಳೆ ಎಳೆದು, ಮಡಿಚಿ, ಹೊಟ್ಟೆ ಇದ್ದ ಕೆಳಗಿನ ಅರ್ಧವನ್ನು ಹರಿದು ಕಿಟಕಿಯಿಂದ ಆಚೆ ಬಿಟ್ಟಳು. ಮೇಲಿನ ಅರ್ಧ ಕೈಯಲ್ಲಿ ಉಳಿಯಿತು. ಅದನ್ನು ನೋಡಿದಳು. ಮೂಗಿತ್ತು, ಮೂಗುಬೊಟ್ಟಿತ್ತು, ಬಿಗಿದ ತುಟಿಯಿತ್ತು. ಮೇಲೆ ಖಾಲಿ.

"ಆಂಖ್ ಕಿಧರ್ ಹೈ? ಮೈಂ ಅಂಧೀ ಹೂಂ ಕ್ಯಾ?"

ಕಣ್ಣೆಲ್ಲಿ, ನಾನೇನು ಕುರುಡಿಯೇ ಎಂದು ಕೇಳುತ್ತಿದ್ದಾಳೆ, ಮಣಿಕಟ್ಟು ಬಿಟ್ಟಿಲ್ಲ. ನನ್ನ ಮುಖಕ್ಕೆ ಮುಖ ತಂದಿದ್ದಾಳೆ, ಬಾಯಿಯಿಂದ ಹೊಗೆಸೊಪ್ಪಿನ ವಾಸನೆ. ಹೊಟ್ಟೆ ಬೇಡ, ಕಣ್ಣು ಬರೆ ಎಂದಳು. ಅದು ಅಪ್ಪಣೆ. ಹಾಳೆಯನ್ನು ಮತ್ತೆ ರಟ್ಟಿನ ಮೇಲೆ ಒತ್ತಿ ಹಿಡಿದುಕೊಂಡವಳೂ ಅವಳೇ. ಅಷ್ಟು ಹತ್ತಿರದಿಂದ ಅಷ್ಟು ದ್ವೇಷದಿಂದ ನನ್ನನ್ನು ಯಾರೂ ನೋಡಿರಲಿಲ್ಲ, ಮಾವನೂ ಇಲ್ಲ. ಎಡಗಣ್ಣಿನ ರೆಪ್ಪೆ ಸ್ವಲ್ಪ ಜೋತು ಬಿದ್ದಿತ್ತು. ಮೂಲೆಯಲ್ಲಿ ಕೆಂಪು ಎಳೆಗಳು. ಕಣ್ಣಿನ ಬೊಂಬೆ ಕಪ್ಪಲ್ಲ, ಚಹಾದ ಬಣ್ಣ. ಬರೆಯದಿದ್ದರೆ ಕೈ ಮುರಿಯುತ್ತಾಳೆ ಎಂಬ ಹೆದರಿಕೆ ಹಳೆಯ ಹೆದರಿಕೆಗಿಂತ ದೊಡ್ಡದಾಗಿ, ಮೊಣಕೈ ಬಿಗಿಯಲು ಪುರಸೊತ್ತಾಗಲಿಲ್ಲ. ಬಾಂದ್ರಾ ಬಂದಾಗ ಕಾಗದದಲ್ಲಿ ಎರಡು ಕಣ್ಣು ನನ್ನನ್ನು ನೋಡುತ್ತಿದ್ದವು. ಒಳ್ಳೆಯ ಚಿತ್ರ ಎನ್ನಲಾರೆ. ಕಣ್ಣು ಇತ್ತು, ಅಷ್ಟೇ. ಅವಳು ಹಾಳೆಯನ್ನು ಮಡಿಚಿ ರವಕೆಯೊಳಗೆ ಹಾಕಿಕೊಂಡು, ಕೈ ಬಿಟ್ಟು, ಕಿಟಕಿಯ ಕಡೆ ತಿರುಗಿದಳು. ಗುರುತು ಬಿಟ್ಟು ಹೋಗುವ ಹೆಂಗಸಲ್ಲ.

ಆಮೇಲಿನ ದಿನಗಳಲ್ಲಿ ನಾನು ಪ್ರತಿ ಲೋಕಲ್ಲಿನಲ್ಲೂ ಅವಳನ್ನು ಹುಡುಕಿದೆ. ಸತ್ತಿರಬಹುದು ಎಂದು. ಹಳದಿಯಾಗಿರಬಹುದು ಎಂದು. ಒಂದು ಬೆಳಿಗ್ಗೆ ಅದೇ ಡಬ್ಬದಲ್ಲಿ, ಅದೇ ಕಿಟಕಿಯ ಪಕ್ಕ, ಅದೇ ಹೊಟ್ಟೆ. ನನ್ನ ಕಡೆ ಅದೇ ಕೆಟ್ಟ ದೃಷ್ಟಿ ಬೀರಿದಳು. ಗಟ್ಟಿಮುಟ್ಟಾಗಿದ್ದಳು. ನನಗಾದ ಸಂತೋಷವನ್ನು ಅವಳಿಗೆ ಹೇಳುವ ಧೈರ್ಯವಿರಲಿಲ್ಲ. ಅವತ್ತು ಮಧ್ಯಾಹ್ನ ಬೆಂಚಿನಲ್ಲಿ ಕೂತು ಒಂದೇ ಸಮ ಕಣ್ಣು ಬರೆದೆ. ದೇಸಾಯಿ ಮಾಸ್ತರು ಹಾಳೆಗಳನ್ನು ನೋಡಿ, ಕಣ್ಣಿನ ಸಲುವಾಗಿ ಮೂಗು ಕೆಡಿಸಿಕೊಂಡಿ ಎಂದು ಬಯ್ದರು. ಪರೀಕ್ಷೆ ಪಾಸಾಯಿತು ಎಂದು ಈಗಲೇ ಹೇಳಿಬಿಡುತ್ತೇನೆ. ಓದುವವರನ್ನು ಕಾಯಿಸುವ ಚಟ ನನಗಿಲ್ಲ. ಆದರೆ ನನ್ನ ಕೈಯ ಬಿಗಿ ಪೂರಾ ಬಿಟ್ಟದ್ದು ಪರೀಕ್ಷೆಯ ಹಾಲಿನಲ್ಲಿ ಅಲ್ಲ, ಅದಕ್ಕೆ ಸ್ವಲ್ಪ ಮೊದಲು.

ಕೆಳಗಿನ ಖೋಲಿಯ ಹೆಂಗಸು ನನ್ನನ್ನು ಸ್ಟೇಶನ್ನಿನಲ್ಲಿ ಕಂಡಿದ್ದಳು. ನಿಮ್ಮ ಹುಡುಗಿ ಗಂಡಸರ ಮುಖ ನೋಡುತ್ತ ಕೂರುತ್ತಾಳೆ ಎಂದು ಮಾವನಿಗೆ ಹೇಳಿದಳು, ಸುಳ್ಳೇನಲ್ಲ. ಮರುದಿನ ಮಾವ ತನ್ನ ಮಧ್ಯಾಹ್ನದ ನಿದ್ದೆ ಬಿಟ್ಟು ಪ್ಲಾಟ್‌ಫಾರ್ಮಿಗೆ ಬಂದ. ಅವನು ಆ ನಿದ್ದೆಯನ್ನು ಅಜ್ಜಿಯ ಜ್ವರಕ್ಕೂ ಬಿಟ್ಟವನಲ್ಲ. ನಾನು ತಲೆ ಎತ್ತುವಾಗ ಬಿಳಿ ಅಂಗಿ, ಮಡಿಸಿ ಕಟ್ಟಿದ ಪಂಚೆಯಲ್ಲಿ ಎದುರಿಗೇ ನಿಂತಿದ್ದ.

"ಇವತ್ತು ಎಷ್ಟು ಮಂದಿಯನ್ನು ಮುಗಿಸಿದಿ?"

ದನಿ ತಗ್ಗಿಸಿ ಕೇಳಿದ. ತುಟಿಯ ಮೇಲೆ ನಗು. ಯಾಕೆಂದರೆ ಆ ಪ್ಲಾಟ್‌ಫಾರ್ಮಿನಲ್ಲಿ ಓಡಾಡುವವರಲ್ಲಿ ಅರ್ಧ ಮಂದಿ ಅವನ ಹೋಟೆಲಿನ ಗಿರಾಕಿಗಳು. ಅವರ ಎದುರು ಅವನು ಯಾರನ್ನೂ ಬಯ್ಯುವ ಹಾಗಿಲ್ಲ, ಹೊಡೆಯುವ ಹಾಗಂತೂ ಇಲ್ಲವೇ ಇಲ್ಲ. ಯಾರೂ ಸಾಯಲಿಲ್ಲ ಮಾವ ಎಂದೆ. ನೀವೂ ಸಾಯಲಿಲ್ಲ ಎಂದೂ ಸೇರಿಸಿದೆ. ಅಂಥ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ನಗು ಹಾಗೇ ಇತ್ತು. ಕಣ್ಣು ಬೇರೆಯಾಯಿತು.

"ಏಳು. ಮನೆಗೆ ನಡಿ. ನಾಳೆಯಿಂದ ಶಾಲೆ ಇಲ್ಲ."

ಆ ಮುಖವನ್ನು ನಾನು ಹುಟ್ಟಿದಂದಿನಿಂದ ಕಂಡಿದ್ದೆ, ಆದರೆ ನೋಡಿರಲಿಲ್ಲ. ಮೂಗಿನಿಂದ ಕೆಳಗೆ ಹೋಟೆಲು, ಮೂಗಿನಿಂದ ಮೇಲೆ ಮನೆ. ಎರಡೂ ಒಂದೇ ಮುಖದಲ್ಲಿ ನಿಂತದ್ದು ಅವತ್ತೇ ಕಂಡಿತು. ನಾನು ಏಳಲಿಲ್ಲ. ಹೊಸ ಹಾಳೆ ಸಿಕ್ಕಿಸಿ, ಹಾಗೇ ನಿಲ್ಲಿ ಮಾವ ಎಂದೆ. ಪೆನ್ಸಿಲು ಕಾಗದಕ್ಕೆ ತಾಗುವುದನ್ನು ನೋಡಿ ಅವನು ಅರ್ಧ ಹೆಜ್ಜೆ ಹಿಂದೆ ಸರಿದ.

"ಬೇಡ. ಬರೀಬೇಡ. ಹೇಳ್ತಿದ್ದೇನೆ ನಾನು."

ಗದರಿಸುವ ದನಿಯಲ್ಲ ಅದು. ಇಷ್ಟು ವರ್ಷ ನಾನು ಹೆದರಿ ಹೆದರಿ ಕೈ ಬಿಗಿದುಕೊಂಡಿದ್ದೆ, ಅಷ್ಟೂ ವರ್ಷ ಅವನು ನನ್ನ ಕೈಗೆ ಹೆದರುತ್ತಿದ್ದ. ಕಾಗದ ಕಸಿಯಬಹುದಿತ್ತು. ಕಸಿಯಲು ಕೈ ಚಾಚಿದ ಕೂಡ. ಅಷ್ಟರಲ್ಲಿ ಅವನ ಗಿರಾಕಿಯೊಬ್ಬ, ಟೋಪಿ ಹಾಕಿದ ದಪ್ಪನೆಯ ಮರಾಠಿ ಗೃಹಸ್ಥ, ಏನು ಮ್ಯಾನೇಜರ್ ಸಾಹೇಬರು ಫೋಟೋ ತೆಗೆಸುತ್ತಿದ್ದೀರಾ ಎಂದು ನಗುತ್ತ ಬಂದು ನನ್ನ ಬೆನ್ನ ಹಿಂದೆ ನಿಂತ. ಅವನ ಹಿಂದೆ ಇನ್ನಿಬ್ಬರು ನಿಂತರು. ಮಾವ ಚಾಚಿದ ಕೈಯನ್ನು ಕಿಸೆಗೆ ಹಾಕಿಕೊಂಡ. ಹೋಟೆಲಿನವನು ಗಿರಾಕಿಯ ಎದುರು ಹೇಗೆ ನಿಲ್ಲಬೇಕೋ ಹಾಗೆ ನಿಂತ.

ಮೊದಲು ಮುಖದ ಅಂಚು, ಕೊನೆಗೆ ಕಣ್ಣು ಎಂದು ಮಾಸ್ತರು ಹೇಳಿಕೊಟ್ಟಿದ್ದರು. ನಾನು ಕಣ್ಣಿನಿಂದಲೇ ಶುರುಮಾಡಿದೆ. ಖಾಲಿ ಹಾಳೆಯ ಮೇಲೆ ಬರೀ ಎರಡು ಕಣ್ಣು, ಸುತ್ತ ಏನೂ ಇಲ್ಲ. ಮೊಣಕೈ ಬಿಗಿಯುತ್ತದೋ ಎಂದು ಒಂದು ಸಲ ಕಾದೆ. ಬಿಗಿಯಲಿಲ್ಲ. ಆಮೇಲೆ ಹುಬ್ಬು, ಮೂಗು, ನರುಲಿ, ಎಲ್ಲದರ ಕೆಳಗೆ ಆ ನಗು. ಒಂದು ಲೋಕಲ್ಲು ಬಂದು ನಿಂತು ಹೋಯಿತು, ಗಿರಾಕಿ ಹತ್ತಲಿಲ್ಲ. ಬರೆದು ಮುಗಿದಾಗ ಅವನು ಬಗ್ಗಿ ನೋಡಿ, ಅಗ್ದೀ ತುಮ್ಹೀಚ್ ಎಂದ, ನೀವೇ, ಥೇಟ್ ನೀವೇ. ಮಾವ ಹಾಳೆಯನ್ನು ಈಸಿಕೊಂಡ. ಬಹಳ ಹೊತ್ತು ನೋಡಿದ. ಮಾತಾಡುವಾಗ ಗಿರಾಕಿಗೆ ತಿಳಿಯದ ಹಾಗೆ ತುಳುವಿನಲ್ಲಿ ಕೇಳಿದ:

"ನನಗೆ ಇಷ್ಟು ಸಿಟ್ಟುಂಟಾ?"

"ಇದಕ್ಕಿಂತ ಹೆಚ್ಚುಂಟು ಮಾವ. ಕಾಗದ ಸಾಲಲಿಲ್ಲ."

ಅವನು ಹಾಳೆಯನ್ನು ನನ್ನ ರಟ್ಟಿನ ಮೇಲೆ ವಾಪಸು ಇಟ್ಟ. ಏಳು ಎನ್ನಲಿಲ್ಲ, ಶಾಲೆಯ ಮಾತನ್ನೂ ಎತ್ತಲಿಲ್ಲ. ಒಳ್ಳೆಯದಾಗಿದೆ ಎಂದನೇ ಎಂದು ಕೇಳಬೇಡಿ, ಅವತ್ತೂ ಹೇಳಲಿಲ್ಲ, ಸಾಯುವವರೆಗೂ ಹೇಳಲಿಲ್ಲ. ಅಷ್ಟರಲ್ಲಿ ಆ ದಪ್ಪನೆಯ ಗೃಹಸ್ಥ ಟೋಪಿ ತೆಗೆದು ಬೋಳುತಲೆ ಸವರಿಕೊಂಡು, ಈಗ ನನ್ನದೊಂದು ಬರೆ ಎಂದ. ತಲೆ ಎತ್ತಿ ಅವನನ್ನು ನೋಡಿದೆ. ನನ್ನ ಅಪ್ಪನ ವಯಸ್ಸಿನವನು. ಬೆಳಕಿನ ಕಡೆ ತಿರುಗಿ, ಅಲ್ಲಾಡದೆ ನಿಲ್ಲಿ ಎಂದೆ. ಅವನು ತಿರುಗಿ ನಿಂತ. ಮಾವ ಮೆಟ್ಟಿಲು ಹತ್ತಿ ಹೋದನೋ ಅಲ್ಲೇ ನಿಂತಿದ್ದನೋ ನಾನು ನೋಡಲಿಲ್ಲ. ನೋಡಲು ನನ್ನೆದುರು ಬೇರೆ ಮುಖವಿತ್ತು.